ಬುರುಡೆಗೂಡು: ಅಘನಾಶಿನಿ ದಂಡೆಯ ಒಂದು ಹಿತ್ತಲಿನ ಪ್ರಕರಣ

ಆ ಮನೆಯ ಜಗುಲಿಯ ಮಾಡಿಗೆ ಒಂದು ಹಳೆಯ ಸೋರೆಬುರುಡೆ ಕಟ್ಟಿದೆ. ಕುತ್ತಿಗೆಗೆ ಕತ್ತದ ಹಗ್ಗ, ಹೊಟ್ಟೆ ಕೈಯಾಡಿ ಕಂದುಬಣ್ಣಕ್ಕೆ ತಿರುಗಿ ಹೊಳೆಯುತ್ತದೆ. ಮನೆಯ ಎರಡು ತಲೆಮಾರಿನ ಮಕ್ಕಳು ಅದನ್ನು ಬೆನ್ನಿಗೆ ಕಟ್ಟಿಕೊಂಡೇ ಹೊಳೆಯಲ್ಲಿ ಈಜು ಕಲಿತದ್ದು. ಪ್ಲಾಸ್ಟಿಕ್ ಕ್ಯಾನು ಬಂದ ಮೇಲೆ ಬುರುಡೆ ಇಳಿಸುವವರಿಲ್ಲ. ಬಿಸಾಡಲಿಕ್ಕೂ ಯಾರಿಗೂ ಮನಸ್ಸು ಬಂದಿಲ್ಲ.

ಇದು ಕುಮಟಾ ತಾಲೂಕಿನ, ಅಘನಾಶಿನಿ ಕಡಲು ಸೇರುವ ಜಾಗಕ್ಕೆ ದೂರವಲ್ಲದ ಒಂದು ಹಳ್ಳಿಯ ಮನೆ. ಹಿತ್ತಲ ತೋಟ ಮಾಡುವವರ ಜೊತೆ ಓಡಾಡುವುದು ನನ್ನ ಕೆಲಸವಾದ್ದರಿಂದ ಮೊದಲಿನಿಂದಲೂ ಈ ಕುಟುಂಬದ ಜೊತೆಗಿದ್ದೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ತಿಂಗಳು, ಅಳತೆ, ಲೆಕ್ಕ ಮಾತ್ರ ಇದ್ದ ಹಾಗೆಯೇ ಇವೆ. ಮನೆಯೊಡತಿಯನ್ನು ‘ಅಕ್ಕ’ ಎಂದು ಕರೆಯುತ್ತೇನೆ, ನಿಜಕ್ಕೂ ಹಾಗೆಯೇ ಕರೆಯುವುದು. ಅವರಿಗೆ 46 ವರ್ಷ. ಗಂಡ ಬೇರೆ ಊರಲ್ಲಿ ನೌಕರಿ, ವಾರಕ್ಕೊಮ್ಮೆ ಬರುತ್ತಾರೆ. ಮನೆಯಲ್ಲಿ ಅತ್ತೆಯವರಿದ್ದಾರೆ, 70 ದಾಟಿದ್ದಾರೆ. 14 ಗುಂಟೆ ಹಿತ್ತಲಲ್ಲಿ ತೆಂಗು, ನಾಲ್ಕಾರು ಅಡಿಕೆ, ಎರಡು ಮಾವು, ಬಾವಿ.

ಎರಡು ಹೆಸರು

ಈ ಪ್ರಕರಣ ಅರ್ಥವಾಗಬೇಕಾದರೆ ಒಂದು ಮಾತು ಮೊದಲೇ ಹೇಳಬೇಕು. ಆ ಮನೆಯಲ್ಲಿ ಅಡುಗೆಗೆ ಬಳಸುವ ಕಾಯಿಗೆ ಹಾಲುಗುಂಬಳ ಎನ್ನುತ್ತಾರೆ. ಒಣಗಿಸಿ ಬುರುಡೆ ಮಾಡುವುದಕ್ಕೆ ಮಾತ್ರ ಸೋರೆ. ಒಂದು ಉದ್ದಕ್ಕೆ, ತಿಳಿಹಸಿರು, ಎಳೆಯದರಲ್ಲೇ ಕೊಯ್ಯುವುದು. ಇನ್ನೊಂದು ಸಣ್ಣ ಕುತ್ತಿಗೆಯ ಗುಂಡು ಹೊಟ್ಟೆಯದು, ಬಾಯಿಗಿಟ್ಟರೆ ಕಹಿ. ಹೆಸರು ಬೇರೆ, ಆಕಾರ ಬೇರೆ, ಉಪಯೋಗ ಬೇರೆ. ಹಾಗಾಗಿ ಗಿಡವೂ ಬೇರೆ ಎಂಬುದು ಅತ್ತೆಯವರ, ಅಕ್ಕನ ತಿಳಿವಳಿಕೆ. ಅವು ಎರಡೂ ಒಂದೇ ಜಾತಿ. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಲಾಜಿನೇರಿಯಾ ಸಿಸೆರೇರಿಯಾ ಎಂದೇ ಹೆಸರು. ಇದರ ಹೂಪುಡಿ ಅದಕ್ಕೆ, ಅದರದ್ದು ಇದಕ್ಕೆ ಸರಾಗವಾಗಿ ಕೂಡುತ್ತದೆ. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಹೇಳಬೇಕಾದ ಹೊತ್ತಿಗೆ ಹೇಳಲಿಲ್ಲ.

ಹಾಲುಗುಂಬಳದ ಬೀಜ ಅತ್ತೆಯವರು ಈ ಮನೆಗೆ ಬಂದಾಗ ಸೆರಗಿನಲ್ಲಿ ಕಟ್ಟಿಕೊಂಡು ತಂದದ್ದು. ಪ್ರತಿ ಬೇಸಿಗೆ ಒಂದು ಕಾಯಿ ಬಳ್ಳಿಯಲ್ಲೇ ಬಲಿಯಲು ಬಿಟ್ಟು, ಬೀಜ ತೆಗೆದು ಬೂದಿಯಲ್ಲಿ ಹೊರಳಿಸಿ ಇಡುವುದು 50 ವರ್ಷಗಳ ರೂಢಿ.

ಆಸೆ ಹುಟ್ಟಿದ ಬಗೆ

ಬೆಂಗಳೂರಿನಲ್ಲಿರುವ ಮಗ ಒಂದು ವಿಡಿಯೋ ಕಳಿಸಿದ. ಅಮೆರಿಕದ ಯಾವುದೋ ಹೊಲದ ನಡುವೆ ಎತ್ತರದ ಕಂಬ, ಕಂಬದ ತುದಿಗೆ ಅಡ್ಡ ಸರಳು, ಸರಳಿಗೆ ಹನ್ನೆರಡು ಬಿಳಿಯ ಬುರುಡೆ, ಒಂದೊಂದರಲ್ಲೂ ದುಂಡನೆಯ ಬಾಗಿಲು, ಒಳಗೂ ಹೊರಗೂ ಹಾರಾಡುವ ನೀಲಿಗಪ್ಪು ಹಕ್ಕಿಗಳು. ಅವು ಪರ್ಪಲ್ ಮಾರ್ಟಿನ್ ಎಂಬ ಹಕ್ಕಿಗಳು. ಅಲ್ಲಿನ ಮೂಲನಿವಾಸಿಗಳಾದ ಚೋಕ್ಟಾ, ಚಿಕಸಾ ಜನ ಯುರೋಪಿನವರು ಬರುವ ಮೊದಲಿನಿಂದಲೂ ಅವಕ್ಕೆ ಬುರುಡೆ ಕಟ್ಟುತ್ತಿದ್ದರು. ಈಗ ರಾಕಿ ಪರ್ವತದ ಪೂರ್ವಕ್ಕೆ ಆ ಹಕ್ಕಿ ಹೆಚ್ಚುಕಡಿಮೆ ಪೂರ್ತಿಯಾಗಿ ಮನುಷ್ಯರು ಕಟ್ಟಿದ ಮನೆಯಲ್ಲೇ ಮರಿ ಮಾಡುತ್ತದೆ.

ಅಕ್ಕನ ಮನಸ್ಸಿಗೆ ಅದು ನಾಟಿತು. ಮನೆಯ ಹಿಂಭಾಗದ ಹೆಂಚು ತೆಗೆಸಿ ಸ್ಲ್ಯಾಬ್ ಹಾಕಿಸಿದಂದಿನಿಂದ ಹೆಂಚಿನ ಸಂದಿಯಲ್ಲಿದ್ದ ಗುಬ್ಬಚ್ಚಿ ಹೋಗಿದ್ದವು. ಅದು ಅವರನ್ನು ಒಳಗೇ ಕೊರೆಯುತ್ತಿತ್ತು. “ನಾವೇ ಓಡಿಸಿದ್ದಲ್ವಾ ತಮ್ಮಾ, ನಾವೇ ಮನೆ ಕಟ್ಟಿಕೊಡುವ” ಎಂದರು. ಮೇಲಿನ ಕೇರಿಯ ಒಬ್ಬ ಹಿರಿಯರು ಬೇಲಿಯಲ್ಲಿ ಕಹಿ ಸೋರೆ ಉಳಿಸಿಕೊಂಡಿದ್ದರು. ಅವರಿಂದ ಒಂದು ಹಿಡಿ ಬೀಜ ಬಂತು.

ಮೊದಲ ಮಳೆಗಾಲ

ಜೂನಿನಲ್ಲಿ, ಮೃಗಶಿರ ಮಳೆ ಹಿಡಿದ ವಾರ, ಬೇರೆಲ್ಲ ಬಳ್ಳಿಗಳ ಜೊತೆ ಸೋರೆಯನ್ನೂ ಹಾಕಿದರು. 9 ಬಳ್ಳಿ. ನಮ್ಮ ಕಡೆ ಮಳೆಗಾಲದ ಹಿತ್ತಲೆಂದರೆ ಅದೇ ರೂಢಿ, ಅಡುಗೆಯ ಕಾಯಿಗೆ ಅದು ಸರಿಯೂ ಹೌದು. ಎಳೆಯದನ್ನು ಕೊಯ್ದು ಹುಳಿಗೆ ಹಾಕುವವರಿಗೆ ಕಾಯಿ ಬಳ್ಳಿಯಲ್ಲಿ ಹತ್ತು ಹನ್ನೆರಡು ದಿನ ಚೆನ್ನಾಗಿದ್ದರೆ ಸಾಕು. ಬುರುಡೆಗೆ ಹಾಗಲ್ಲ, ಕಾಯಿ ತಿಂಗಳುಗಟ್ಟಲೆ ಬಳ್ಳಿಯಲ್ಲೇ ಇರಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬಿದ್ದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವ ಈ ಕರಾವಳಿಯಲ್ಲಿ ಹಸಿ ಕಾಯಿ ಅಷ್ಟು ದಿನ ತಾಳುವುದು ಕಷ್ಟ.

31 ಕಾಯಿ ಕಚ್ಚಿದವು. ಹಣ್ಣುನೊಣ ಚುಚ್ಚಿ ಅರ್ಧಕ್ಕಿಂತ ಹೆಚ್ಚು ಹೋದವು. ನೊಣ ಎಳೆಯ ಕಾಯಿಯ ಸಿಪ್ಪೆಯೊಳಗೆ ಮೊಟ್ಟೆ ಇಡುತ್ತದೆ, ಚುಚ್ಚಿದಲ್ಲಿ ಅಂಟು ಒಸರಿ ಮುತ್ತಿನಂತೆ ನಿಲ್ಲುತ್ತದೆ, ಕಾಯಿ ಆ ಕಡೆಗೆ ಸೊಟ್ಟಗಾಗಿ ಒಳಗೇ ಕೊಳೆಯುತ್ತದೆ. ಉಳಿದವುಗಳಲ್ಲಿ 8 ದೊಡ್ಡವಾದವು. ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಬಿಸಿಲು ಕಂಡದ್ದೇ ಅಕ್ಕ ಎಂಟನ್ನೂ ಕೊಯ್ದು ಅಂಗಳದಲ್ಲಿಟ್ಟರು. ತೊಟ್ಟು ಇನ್ನೂ ಹಸಿರಿತ್ತು. ಎರಡು ವಾರಕ್ಕೆ ಕಾಯಿಗಳು ಸುಕ್ಕುಗಟ್ಟಿ, ಬೆರಳಿಟ್ಟರೆ ಒಳಗೆ ಹೋಗುವಷ್ಟು ಮೆತ್ತಗಾದವು. ಒಂದೂ ಉಳಿಯಲಿಲ್ಲ.

ಎಂಟೂ ಗೊಬ್ಬರದ ಗುಂಡಿಗೆ ಹೋದ ಸಂಜೆ ನಾನಲ್ಲಿದ್ದೆ. ಅಕ್ಕ ಏನೂ ಮಾತಾಡಲಿಲ್ಲ. ಜಗುಲಿಯ ಹಳೆಯ ಬುರುಡೆಯನ್ನು ಬಿಚ್ಚಿ ತಂದು ಅತ್ತೆಯವರ ಮುಂದೆ ಇಟ್ಟರು. “ಇದು ಯಾವ ತಿಂಗಳಲ್ಲಿ ಕೊಯ್ದದ್ದು ಅತ್ತೆ?” ಅತ್ತೆ ತುಸು ಹೊತ್ತು ಯೋಚಿಸಿದರು. “ಶಿವರಾತ್ರಿ ಹೊತ್ತಿಗೆ ಇರಬೇಕು. ಗದ್ದೆ ಕೊಯ್ಲಾದ ಮೇಲೆ ಹಾಕ್ತಿದ್ರು ನಮ್ಮ ಮಾವ.”

ಇಡೀ ಪ್ರಕರಣದಲ್ಲಿ ನಾನು ಅತಿ ಮುಖ್ಯವೆಂದು ಎಣಿಸುವ ಮಾತು ಅದು. ವಿಡಿಯೋದವರ ಕ್ಯಾಲೆಂಡರಿನಲ್ಲಿ ವಸಂತಕ್ಕೆ ಬಿತ್ತನೆ, ಹಿಮ ಬೀಳುವ ಹೊತ್ತಿಗೆ ಕೊಯ್ಲು, ಚಳಿಗಾಲವಿಡೀ ಒಣಗಿಸುವುದು. ಅಲ್ಲಿ ಒಣಗಿಸುವವರ ಕಾಲ ಚಳಿಗಾಲ. ನಮ್ಮದು ಮಾರ್ಚ್, ಏಪ್ರಿಲ್, ಮೇ. ಹಾಗಾದರೆ ಬಿತ್ತನೆಯೇ ಅದಕ್ಕೆ ತಕ್ಕ ಹಾಗೆ ಮುಂದಕ್ಕೆ ಹೋಗಬೇಕು. ಮಾವನವರು ಅದನ್ನು ಲೆಕ್ಕ ಹಾಕಿ ಕಲಿತವರಲ್ಲ, ಮಾಡಿ ಕಂಡುಕೊಂಡವರು. ಕೇಳುವವರಿಲ್ಲದೆ ಆ ತಿಳಿವಳಿಕೆ ಮಾಡಿಗೆ ಕಟ್ಟಿದ ಬುರುಡೆಯ ಜೊತೆಗೇ ನೇತಾಡುತ್ತಿತ್ತು.

ಚಿತ್ತಾ ಮಳೆಯ ಬಿತ್ತನೆ

ಅದೇ ಅಕ್ಟೋಬರಿನಲ್ಲಿ, ಚಿತ್ತಾ ಮಳೆ ಮುಗಿಯುತ್ತ ಬಂದಾಗ, ಎರಡನೇ ಸಲ ಬೀಜ ಹಾಕಿದರು. ಬುರುಡೆಸೋರೆಯ ಬೀಜದ ಸಿಪ್ಪೆ ದಪ್ಪ. ಒಂದು ಹಗಲು ಒಂದು ರಾತ್ರಿ ನೀರಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಬಚ್ಚಲ ಒಲೆಯ ಬದಿಗಿಟ್ಟರು. ಈ ಸಲ 6 ಬಳ್ಳಿ ಮಾತ್ರ, ಬಾವಿಯ ನೀರು ಅಷ್ಟಕ್ಕೇ ಸಾಲುವುದು. ಬಳ್ಳಿ ಚಪ್ಪರಕ್ಕೆ ಹತ್ತಿದ ಮೇಲೆ ನಡುಕುಡಿ ಚಿವುಟಿಸಿದೆ. ಸೋರೆಯಲ್ಲಿ ಹೆಣ್ಣು ಹೂ ಹೆಚ್ಚಾಗಿ ಬರುವುದು ಪಕ್ಕದ ಹಂಬುಗಳಲ್ಲಿ.

ನವೆಂಬರ್ ಕೊನೆಗೆ ಫೋನು ಬಂತು. “ತಮ್ಮಾ, ಬಳ್ಳಿ ಗೊಡ್ಡು ಕಾಣ್ತದೆ. ಬರೀ ಹೂ, ಒಂದು ಕಾಯಿಲ್ಲ. ಕಿತ್ತು ಹಾಕಲಾ?” ಬೇಡ ಎಂದೆ. ಮೊದಲು ಬರುವುದು ಗಂಡು ಹೂವೇ. ಹತ್ತು ಹದಿನೈದು ದಿನದಲ್ಲಿ ಬುಡದಲ್ಲಿ ಗೋಲಿಯಷ್ಟು ಕಾಯಿ ಹೊತ್ತ ಹೆಣ್ಣು ಹೂ ಕಾಣಿಸಿಕೊಂಡವು.

ಸೋರೆಯ ಹೂ ಬೆಳ್ಳಗೆ, ಅರಳುವುದು ಸಂಜೆ. ಹಗಲಿನ ಜೇನು ಬರುವ ಹೊತ್ತಿಗೆ ಅದರ ಕೆಲಸ ಹೆಚ್ಚುಕಡಿಮೆ ಮುಗಿದಿರುತ್ತದೆ. ರಾತ್ರಿಯ ಪತಂಗಗಳೇ ಅದರ ನೆಂಟರು. ಆ ವರ್ಷ ಪತಂಗ ಕಡಿಮೆ ಇದ್ದವು. ಹಾಗಾಗಿ ಕೈಯಲ್ಲೇ ಪರಾಗ ಮುಟ್ಟಿಸಲು ಕೂತೆವು. ಡಿಸೆಂಬರಿನ ಒಂದು ಸಂಜೆ ಏಳು ಗಂಟೆ, ಅಕ್ಕನ ಹಲ್ಲಿನ ನಡುವೆ ಟಾರ್ಚು, ಎಡಗೈಯಲ್ಲಿ ಎಸಳು ಕಿತ್ತ ಗಂಡು ಹೂ. ಹೆಣ್ಣು ಹೂವಿನ ನಡುವಿನ ಮೂರು ಕವಲಿನ ಹಸಿರು ಗುಬುಟಿಗೆ ಅದನ್ನು ಮೆಲ್ಲಗೆ ತಿರುವಿ ಒತ್ತುತ್ತಿದ್ದರು. ಪುಡಿ ಹತ್ತಿದ್ದು ಟಾರ್ಚಿನ ಬೆಳಕಿಗೆ ಹಿಟ್ಟಿನ ಹಾಗೆ ಕಾಣುತ್ತಿತ್ತು. ಒಂದು ದೊಡ್ಡ ಪತಂಗ ಬೆಳಕಿಗೆ ಬಂದು ಅವರ ಕೈಮೇಲೇ ಕೂತಿತು. “ನೀನೇ ಮಾಡುವುದಿದ್ರೆ ಮಾಡು ಮಾರಾಯ, ನಾ ಒಳಗೆ ಹೋಗ್ತೆ” ಎಂದು ಅದಕ್ಕೇ ಹೇಳಿದರು.

ನೊಣಕ್ಕೆ ಎರಡು ಉಪಾಯ ಮಾಡಿದೆವು. ಚಪ್ಪರದ ಎರಡು ತುದಿಗೆ ಗಂಡು ನೊಣಗಳನ್ನು ಸೆಳೆದು ಹಿಡಿಯುವ ಕ್ಯೂ-ಲ್ಯೂರ್ ಮೋಹಕ ಬಲೆ, ಮತ್ತು ಕಾಯಿ ಕಚ್ಚಿದ ಮೂರನೇ ದಿನಕ್ಕೇ ಹಳೆಯ ಪೇಪರಿನ ಚೀಲ. ನೊಣ ಮೊಟ್ಟೆಯಿಟ್ಟ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕದೆ ಆಳಕ್ಕೆ ಹೂತರು, ಇಲ್ಲವಾದರೆ ನೊಣ ಅಲ್ಲಿಂದಲೇ ಎದ್ದು ಬರುತ್ತದೆ. ಚೀಲ ಕಟ್ಟಿದ್ದೇ ಹೆಚ್ಚು ಫಲ ಕೊಟ್ಟಿತು ಎಂಬುದು ನನ್ನ ಅಭಿಪ್ರಾಯ.

ಫೆಬ್ರವರಿಯಲ್ಲಿ ಕಾಯಿಗಳ ಹಸಿರು ಮಾಸಿತು. ಕೊಯ್ಯಲು ಆತುರ ಹತ್ತಿದಾಗಲೆಲ್ಲ ಅಕ್ಕ ಹಿಂದಿನ ವರ್ಷದ ಎಂಟು ಕಾಯಿಗಳನ್ನು ನೆನಪು ಮಾಡಿಕೊಳ್ಳುತ್ತಿದ್ದರು. ತೊಟ್ಟು ಕಂದಾಗಿ, ಒಣಗಿ, ಕಡ್ಡಿಯಂತಾಗುವವರೆಗೆ ಕೈಹಚ್ಚಲಿಲ್ಲ. ಮಾರ್ಚ್ ಕೊನೆಗೆ ನಾಲ್ಕು ಬೆರಳು ತೊಟ್ಟು ಉಳಿಸಿ 26 ಕಾಯಿ ಇಳಿಸಿದರು.

ಅಟ್ಟದ ಮೇಲೆ

ಬಲಿತ ಕಾಯಿಯ ತೂಕದಲ್ಲಿ ಬಹುಪಾಲು ನೀರೇ. ಆ ನೀರೆಲ್ಲ ಸಿಪ್ಪೆಯ ಮೂಲಕವೇ ಹೊರಬರಬೇಕು. ಅಡಿಕೆ ಒಣಗಿಸುವ ತಟ್ಟಿಯ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟು, ವಾರಕ್ಕೊಮ್ಮೆ ಮಗ್ಗುಲು ಬದಲಿಸಿದರು. ಏಪ್ರಿಲ್ ಮಧ್ಯಕ್ಕೆ ಕಾಯಿಗಳ ಮೇಲೆಲ್ಲ ಕಪ್ಪು, ಬೂದು, ಹಸಿರು ಬೂಷ್ಟು. ಅಕ್ಕನಿಗೆ ಎದೆ ಒಡೆದಂತಾಯಿತು, ಬುಟ್ಟಿಗೆ ತುಂಬಲು ಶುರು ಮಾಡಿದರು. ಅತ್ತೆ ತಡೆದರು. ಒಂದೊಂದನ್ನೇ ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡಿದರು. “ಬೂಷ್ಟು ಹೊರಗೆ. ಕಾಯಿ ಗಟ್ಟಿ ಇದೆಯಲ್ಲ. ಎಂತಕ್ಕೆ ಬಿಸಾಡುವುದು?” ಮೂರು ಮಾತ್ರ ಮೆತ್ತಗಿದ್ದವು. 23 ಉಳಿದವು. ಬೂಷ್ಟು ಸಿಪ್ಪೆಯ ಮೇಲ್ಪದರವನ್ನು ತಿಂದು ಬಿಡುತ್ತದೆ, ಗಟ್ಟಿ ಚಿಪ್ಪಿಗೆ ಏನೂ ಆಗುವುದಿಲ್ಲ. ಚಿಪ್ಪಿನ ಮೇಲೆ ಉಳಿಯುವ ಮೋಡದಂಥ ಕಲೆಗಳೇ ಮುಂದೆ ಅದರ ಚಂದ.

ಮಳೆ ಬರುವ ಮೊದಲು 23ನ್ನೂ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರು. ಹೊಗೆ, ಬಿಸಿ ಎರಡೂ ಇದ್ದ ಜಾಗ. ಆಷಾಢದಲ್ಲಿ ಒಂದು ದಿನ ಅಲ್ಲಾಡಿಸಿದಾಗ ಮೊದಲ ಬುರುಡೆಯ ಬೀಜ ಗಲಗಲ ಎಂದಿತು.

ಚೌತಿಯ ದಿನ

ಇಲ್ಲಿಯವರೆಗೆ ಎಲ್ಲ ಸರಿಹೋಯಿತು ಎಂದುಕೊಂಡಿದ್ದೆವು. ಆ ವರ್ಷದ ಚೌತಿಗೆ ಗಣಪತಿಯ ಮೇಲೆ ಫಲಾವಳಿ, ಅಂದರೆ ಕಾಯಿ-ಹಣ್ಣುಗಳ ತೂಗುಸಾಲು ಕಟ್ಟುವಾಗ ಮನೆಯ ಹಾಲುಗುಂಬಳವೂ ಒಂದು. ನೋಡಲು ಯಾವಾಗಿನಂತಿರಲಿಲ್ಲ, ಕುತ್ತಿಗೆ ಸ್ವಲ್ಪ ಹಿಡಿದುಕೊಂಡಿತ್ತು. ಮಳೆಗಾಲದ ಕಾಯಿ, ಹಾಗೇ ಬಂದಿರಬೇಕು ಎಂದುಕೊಂಡರು. ಮರುದಿನ ಅದರದೇ ಪಲ್ಯ. ಅಕ್ಕ ಒಗ್ಗರಣೆ ಹಾಕಿ ಉಪ್ಪು ನೋಡಲು ಚಿಟಿಕೆ ಬಾಯಿಗಿಟ್ಟು ಉಗಿದುಬಿಟ್ಟರು. ಕಹಿ, ಹಾಗಲದ ಕಹಿಯಲ್ಲ, ನಾಲಿಗೆಯನ್ನು ಹಿಡಿದುಕೊಂಡು ಬಿಡದ ಕಹಿ.

ಅವರು ಅದನ್ನು ಯಾರಿಗೂ ಬಡಿಸಲಿಲ್ಲ, ನಾನು ಇಂದಿಗೂ ಅದಕ್ಕೆ ಋಣಿ. ಕಹಿ ಸೋರೆಯಲ್ಲಿರುವ ಕುಕರ್ಬಿಟಾಸಿನ್ ಎಂಬ ವಸ್ತು ಬೇಯಿಸಿದರೂ ಹೋಗುವುದಿಲ್ಲ. ವಾಂತಿ, ಭೇದಿ, ಕೆಲವೊಮ್ಮೆ ಹೊಟ್ಟೆಯೊಳಗೆ ರಕ್ತಸ್ರಾವದವರೆಗೂ ಒಯ್ಯುತ್ತದೆ. ಸೋರೆಕಾಯಿ ರಸ ಕುಡಿದು ದೇಶದಲ್ಲಿ ಸಾವೂ ಆಗಿದೆ. ಕಾಯಿಯ ಚೂರನ್ನು ಹಸಿಯಾಗಿ ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿಯಿದ್ದರೆ ಉಗಿದು ಇಡೀ ಕಾಯಿ ಬಿಸಾಡಬೇಕು. ಇಷ್ಟೇ ಪರೀಕ್ಷೆ. ಇದನ್ನು ತಪ್ಪಿಸಬಾರದು.

ಆದದ್ದೇನು? ಮೊದಲೆಲ್ಲ ಬೀಜಕ್ಕೆಂದು ಬಿಡುವ ಹಾಲುಗುಂಬಳ ಬೇಸಿಗೆಯ ಬೆಳೆಯದು, ಆಗ ಹಿತ್ತಲಲ್ಲಿ ಬೇರೆ ಸೋರೆ ಇರಲಿಲ್ಲ. ನಾವು ಬುರುಡೆಸೋರೆಯನ್ನು ಮಳೆಗಾಲದಿಂದ ಅಕ್ಟೋಬರಿಗೆ ತಂದೆವು. ಡಿಸೆಂಬರ್, ಜನವರಿಯಲ್ಲಿ ಎರಡೂ ಚಪ್ಪರ ಅಕ್ಕಪಕ್ಕ ಹೂಬಿಟ್ಟವು. ಒಂದರ ಪರಾಗ ಇನ್ನೊಂದಕ್ಕೆ ಸೇರಿತು. ಕೂಡಿಕೆಯಾದ ವರ್ಷ ಕಾಯಿಯಲ್ಲಿ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ತಿರುಳು ತಾಯಿಬಳ್ಳಿಯದೇ. ಬದಲಾದದ್ದು ಒಳಗಿನ ಬೀಜ. ಆ ಬೀಜ ಜೂನಿನಲ್ಲಿ ಮೊಳೆತು ಬಳ್ಳಿಯಾದಾಗ ಕಹಿ ಮೇಲೆ ಬಂತು. ಬುರುಡೆಯನ್ನು ಉಳಿಸಿದ ನಿರ್ಧಾರವೇ ಹಾಲುಗುಂಬಳವನ್ನು ಕೆಡಿಸಿತು. ಬಿತ್ತನೆಯ ತಿಂಗಳು ಬದಲಿಸಲು ಹೇಳಿದವನು ನಾನು. ಪಕ್ಕದ ಚಪ್ಪರದಲ್ಲಿ ಏನಿದೆ ಎಂದು ಕೇಳಬೇಕಾದವನೂ ನಾನೇ. ಪ್ರಮಾಣಿತ ಬೀಜ ಬೆಳೆಯುವವರು ಸೋರೆಯ ಎರಡು ತಳಿಗಳ ನಡುವೆ 500 ಮೀಟರ್, ಮೂಲ ಬೀಜಕ್ಕಾದರೆ 1,000 ಮೀಟರ್ ಅಂತರ ಬಿಡುತ್ತಾರೆ. ಅಲ್ಲಿ ನಡುವೆ ಇದ್ದದ್ದು ಒಂದು ಬಟ್ಟೆ ಒಣಹಾಕುವ ತಂತಿ.

ಅತ್ತೆಯವರು ಡಬ್ಬಿ ತಂದು ನೋಡಿದರು. ಉಳಿದ ಬೀಜವೆಲ್ಲ ಅದೇ ಕಾಯಿಯದು. ಹಳೆಯ ಬೀಜವನ್ನು ಸ್ವಲ್ಪ ತೆಗೆದಿಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ, ಪ್ರತಿ ವರ್ಷ ಹೊಸತು ಬರುತ್ತದಲ್ಲ ಎಂಬ ನಂಬಿಕೆ. ಅವರು ಯಾರನ್ನೂ ಬೈಯಲಿಲ್ಲ. ಎರಡು ದಿನ ಊಟ ಮಾತ್ರ ಕಡಿಮೆ ಮಾಡಿದರು ಎಂದು ಅಕ್ಕ ಹೇಳಿದರು.

ಮೂರನೇ ದಿನ ಅವರೇ ಫೋನು ಮಾಡಿಸಿದ್ದು ಘಟ್ಟದ ಮೇಲೆ, ಸಿದ್ದಾಪುರ ಕಡೆಗೆ ಕೊಟ್ಟ ಮಗಳಿಗೆ. 19 ವರ್ಷದ ಹಿಂದೆ ಮದುವೆಯಾಗಿ ಹೋಗುವಾಗ ಅವಳ ಕೈಗೂ ಬೀಜದ ಗಂಟು ಕೊಟ್ಟಿದ್ದರು. ಅವಳ ಮನೆ ತೋಟದ ನಡುವಿನ ಒಂಟಿಮನೆ. ದೀಪಾವಳಿಗೆ ಬಂದಾಗ ಪಂಚಾಂಗದ ಹಾಳೆಯಲ್ಲಿ ಸುತ್ತಿ ತಂದಳು: 11 ಬೀಜ.

ಕೈಕೆಲಸ, ಮತ್ತು ಒಂದು ಆರ್ಡರು

ನವೆಂಬರಿನಲ್ಲಿ ಬುರುಡೆಗಳು ಕೆಳಗಿಳಿದವು. ಮೊದಲ ಎರಡನ್ನು ಅಕ್ಕ ಒಣಗಿದ್ದಾಗಲೇ ಉಜ್ಜಿ ಕೊರೆದರು. ಬೂಷ್ಟಿನ ಪುಡಿ, ಒಳಗಿನ ಒಣ ತಿರುಳಿನ ಧೂಳು ಮೂಗಿಗೆ ಹೋಗಿ ಮೂರು ದಿನ ಕೆಮ್ಮು, ಉಬ್ಬಸ. ಆಮೇಲೆ ಬಕೆಟ್ಟಿನಲ್ಲಿ ಮುಳುಗಿಸಿ, ಮೇಲೆ ಒದ್ದೆ ಗೋಣಿ ಹೊದಿಸಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಕತ್ತದ ಉಂಡೆಯಿಂದ ಉಜ್ಜಿದರು. ಸಿಪ್ಪೆ ಬೇಯಿಸಿದ ಆಲೂಗಡ್ಡೆಯದರಂತೆ ಬಿಟ್ಟುಬಂತು. ಕೊರೆಯುವಾಗ ಮಾಸ್ಕು ಕಡ್ಡಾಯ ಮಾಡಿದೆವು.

ಮಳೆಗೆ ತಾಳಲಿ ಎಂದು ಯಾರೋ ಗೇರು ಎಣ್ಣೆ ಹಚ್ಚಲು ಹೇಳಿದರು. ದೋಣಿಗೆ ಹಚ್ಚುವ ಎಣ್ಣೆ, ಮರಕ್ಕೆ ಒಳ್ಳೆಯದೇ. ಕೈಗೆ ತಾಗಿದ ಅಕ್ಕನ ಬೆರಳೆಲ್ಲ ಗುಳ್ಳೆ ಎದ್ದವು. ಹಕ್ಕಿಮರಿ ಮೈ ಒರಗಿಸುವ ಗೋಡೆಗೆ ಅದು ಬೇಡ ಎಂದು ಕೈಬಿಟ್ಟು, ಹೊರಮೈಗೆ ಮಾತ್ರ ಅಗಸೆ ಎಣ್ಣೆ ಎರಡು ಕೋಟು ಕೊಟ್ಟು ಮೂರು ವಾರ ಗಾಳಿಗಿಟ್ಟರು. ಒಳಮೈಯನ್ನು ಮುಟ್ಟಲಿಲ್ಲ. ಒಳಗಿನ ಒರಟೇ ಮರಿಗಳಿಗೆ ಏರಿಬರಲು ಮೆಟ್ಟಿಲು.

ಆ ಹೊತ್ತಿಗೆ ಕಡಲದಂಡೆಯ ಒಂದು ಹೋಂಸ್ಟೇಯವರು ಬುರುಡೆಯ ಚಿತ್ರ ನೋಡಿ 40 ಬೇಕು ಎಂದರು. ಒಂದೊಂದಕ್ಕೆ ₹350. ಕೆಂಪು, ಹಳದಿ ಬಣ್ಣ ಬಳಿದು, ಬಾಗಿಲ ಕೆಳಗೆ ಹಕ್ಕಿ ಕೂರುವ ಕಡ್ಡಿ ಚುಚ್ಚಿ, ಒಂದೊಂದು ಕೋಣೆಯ ಬಾಲ್ಕನಿಗೆ ಒಂದರಂತೆ ತೂಗುಹಾಕುವ ಯೋಚನೆ ಅವರದು. ಆ ಮನೆಗೆ ಆ ದುಡ್ಡು ಸಣ್ಣದಲ್ಲ. ಗಂಡ ಒಪ್ಪಿಕೊಳ್ಳಲು ಹೇಳಿದರು. ಅಕ್ಕ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಆ ಕಡ್ಡಿಯಿಂದ ಹಕ್ಕಿಗೆ ಉಪಕಾರ ಉಂಟಾ?” ಇಲ್ಲ ಎಂದೆ. ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿಗೆ ಕಾಲೂರಲು ಬಾಗಿಲ ಅಂಚೇ ಸಾಕು. ಕಡ್ಡಿಯಿದ್ದರೆ ಕಾಗೆ, ಮಟಪಕ್ಷಿಗಳಿಗೆ ಕೂತು ಕೊಕ್ಕು ಹಾಕಲು ಅನುಕೂಲ.

ಅವರು ತೆಗೆದುಕೊಂಡ ನಿರ್ಧಾರ ನನಗೆ ಬಹಳ ಹಿಡಿಸಿತು. 23ರಲ್ಲಿ 11ನ್ನು ದೀಪದ ಬುರುಡೆ ಮಾಡಿ ಕೊಟ್ಟರು. ಛತ್ತೀಸಗಡದ ಬಸ್ತರಿನವರು ಕಾದ ಚಾಕುವಿನಿಂದ ಬುರುಡೆಯ ಮೇಲೆ ಚಿತ್ರ ಸುಡುತ್ತಾರೆ; ಅದೇ ರೀತಿ ಕಾದ ಕಬ್ಬಿಣದ ಸರಳಿನಿಂದ ರಂಗೋಲಿಯ ಎಳೆ ಎಳೆದು, ಸಣ್ಣ ತೂತು ಕೊರೆದು, ಒಳಗೆ ಬಲ್ಬು ಇಡುವಂತೆ ಮಾಡಿದರು. ಹಕ್ಕಿಮನೆ ಎಂಬ ಹೆಸರಲ್ಲಿ ಅವನ್ನು ಮಾರಲಿಲ್ಲ. ಉಳಿದ 12 ಹಕ್ಕಿಗೆ. ₹3,850 ಕೈಗೆ ಬಂತು, 29 ಬುರುಡೆಯ ಆರ್ಡರು ಬಿಟ್ಟುಹೋಯಿತು.

ಕಂಬದಿಂದ ಗೋಡೆಗೆ

ಜನವರಿಯಲ್ಲಿ ವಿಡಿಯೋದಲ್ಲಿದ್ದಂತೆಯೇ ಅಂಗಳದ ನಡುವೆ ಅಡಿಕೆ ದಬ್ಬೆಯ ಕಂಬ ಎದ್ದಿತು. ಹನ್ನೆರಡೂ ಬುರುಡೆ ಅದರಲ್ಲೇ. ಬಾಗಿಲು ಮಾರ್ಟಿನ್ ಹಕ್ಕಿಯ ಅಳತೆ, 54 ಮಿಲಿಮೀಟರ್. ಮಾರ್ಚ್ ಕಳೆಯಿತು. ಒಂದರಲ್ಲಿ ಚಗಳಿ ಇರುವೆ, ಒಂದರಲ್ಲಿ ಅಳಿಲು ತಂದು ತುಂಬಿದ ನಾರು, ಒಂದರಲ್ಲಿ ಹಲ್ಲಿ. ಹಕ್ಕಿ ಒಂದೂ ಇಲ್ಲ. ಮಧ್ಯಾಹ್ನ ಬುರುಡೆಗೆ ಕೈಯಿಟ್ಟರೆ ಸುಡುತ್ತಿತ್ತು, ಕಡಲ ಗಾಳಿಗೆ ಅವು ಗಿರಗಿರ ತಿರುಗುತ್ತಿದ್ದವು.

ಪರ್ಪಲ್ ಮಾರ್ಟಿನ್ ಗುಂಪಿನಲ್ಲಿ ಗೂಡು ಮಾಡುವ, ಬಯಲಲ್ಲಿ ಹಾರಿ ಹುಳ ಹಿಡಿಯುವ ಹಕ್ಕಿ. ಚಳಿಗಾಲ ಕಳೆಯಲು ದಕ್ಷಿಣ ಅಮೆರಿಕಕ್ಕೆ ಹೋಗುತ್ತದೆಯೇ ಹೊರತು ನಮ್ಮಲ್ಲಿಗೆ ಬರುವುದಿಲ್ಲ. ಆ ಹಕ್ಕಿ ಇಲ್ಲದ ಊರಲ್ಲಿ ಆ ಹಕ್ಕಿಯ ಕೇರಿ ಕಟ್ಟಿದ್ದೆವು. ಹಿತ್ತಲಿನ ಹಕ್ಕಿಗಳನ್ನು ಎಣಿಸುತ್ತ ಕೂತೆವು: ಪಿಕಳಾರ ಕೊಂಬೆಯ ಮೇಲೆ ಬಟ್ಟಲುಗೂಡು ಮಾಡುತ್ತದೆ, ಸೂರಕ್ಕಿ ತೂಗುಚೀಲ ನೇಯುತ್ತದೆ, ಸಿಂಪಿಗ ಎಲೆ ಹೊಲಿಯುತ್ತದೆ, ಕುಟ್ರು ತನ್ನ ತೂತು ತಾನೇ ಕೊರೆಯುತ್ತದೆ. ಅವಕ್ಕೆ ನಮ್ಮ ಬುರುಡೆ ಬೇಡ. ಸಿದ್ಧ ಪೊಟರೆ ಹುಡುಕುವವು ಗುಬ್ಬಚ್ಚಿ, ಮೈನಾ ಮತ್ತು ಮಡಿವಾಳ ಹಕ್ಕಿ.

ಮಡಿವಾಳ ಹಕ್ಕಿಯ ಜೋಡಿ ಅಲ್ಲೇ ಇತ್ತು. ಬೆಳಗಿನ ಐದೂವರೆಗೆ ಬಚ್ಚಲುಮನೆಯ ಮೇಲೆ ಕೂತು ಗಂಡು ಹಾಡುತ್ತಿತ್ತು, ಇನ್ನೊಂದು ಗಂಡು ಬಂದರೆ ಬೇಲಿ ದಾಟುವವರೆಗೆ ಅಟ್ಟುತ್ತಿತ್ತು. ಹನ್ನೆರಡು ಮನೆಯ ಕೇರಿಯಲ್ಲಿ ವಾಸಿಸುವ ಸ್ವಭಾವ ಅದರದಲ್ಲ. ಅಕ್ಕ ಒಂದು ವಾರ ಚಾ ಲೋಟ ಹಿಡಿದು ಅದನ್ನೇ ನೋಡಿದರು. ಅದು ಮತ್ತೆ ಮತ್ತೆ ಇಣುಕುತ್ತಿದ್ದದ್ದು ಬಚ್ಚಲು ಗೋಡೆಯಲ್ಲಿ ಒಡೆದ ಕಲ್ಲಿನ ಸಂದಿಗೆ. ನೆರಳು, ಅಲುಗದ ಗೋಡೆ, ತಲೆಯ ಮೇಲೆ ಮಾಡು. ಸಂದಿ ಆಳ ಸಾಲದೆ ಬಿಟ್ಟುಬರುತ್ತಿತ್ತು.

ಏಪ್ರಿಲ್ ಮೊದಲ ವಾರ ಕಂಬ ಇಳಿಯಿತು. ಬಾಗಿಲಿನ ಅಳತೆ ಮಡಿವಾಳಕ್ಕೆ ಸರಿಯಾಗಿಯೇ ಇತ್ತು, ತಪ್ಪಿದ್ದು ಜಾಗ. 20 ಸೆಂಟಿಮೀಟರ್ ಹೊಟ್ಟೆಯ ಒಂದೇ ಒಂದು ಬುರುಡೆಯನ್ನು ಬಚ್ಚಲುಮನೆಯ ಪೂರ್ವದ ಗೋಡೆಗೆ, ಮಾಡಿನ ಕೆಳಗೆ, ಹತ್ತಡಿ ಎತ್ತರಕ್ಕೆ, ಎರಡು ಕಡೆ ತಂತಿ ಬಿಗಿದು ಅಲುಗದಂತೆ ಕಟ್ಟಿದೆವು. ಮಳೆಗಾಳಿ ಬರುವುದು ಪಡುವಣದಿಂದ, ಬಾಗಿಲು ಮೂಡಣಕ್ಕೆ. ತಳದಲ್ಲಿ ನೀರು ಬಸಿಯಲು ಐದು ಸಣ್ಣ ತೂತು. ತಂತಿಯ ಬುಡಕ್ಕೆ ಇರುವೆ ಹತ್ತದಂತೆ ಗ್ರೀಸು. ಎರಡನೆಯದನ್ನು ಹಿತ್ತಲಿನ ಇನ್ನೊಂದು ತುದಿಯ ಹಳೆಯ ಕೊಟ್ಟಿಗೆಗೆ ಕಟ್ಟಿದರು. ಆರು ಬುರುಡೆಗೆ ಒಳಗಿನಿಂದ ತೆಂಗಿನ ಗೆರಟೆಯ ಬಿಲ್ಲೆ ಅಂಟಿಸಿ ಬಾಗಿಲನ್ನು 32 ಮಿಲಿಮೀಟರಿಗೆ ಇಳಿಸಿ, ಗುಬ್ಬಚ್ಚಿ ಇನ್ನೂ ಇರುವ ಪೇಟೆ ಬದಿಯ ನೆಂಟರ ಅಂಗಡಿಗೆ ಕೊಟ್ಟರು. ಗುಬ್ಬಚ್ಚಿಗೆ ಒತ್ತೊತ್ತಾಗಿ ಇರಲು ಅಡ್ಡಿಯಿಲ್ಲ, ಸಣ್ಣ ಬಾಗಿಲಲ್ಲಿ ಮೈನಾ ನುಗ್ಗಲಾರದು. ಅಲ್ಲಿ ಮೂರರಲ್ಲಿ ಈಗ ಗೂಡಿದೆ. ಅಕ್ಕನ ಮನೆಯ ಸ್ಲ್ಯಾಬಿಗೆ ಗುಬ್ಬಚ್ಚಿ ಇನ್ನೂ ಮರಳಿಲ್ಲ.

ಏಪ್ರಿಲ್ 20ರ ಸುಮಾರಿಗೆ ಹೆಣ್ಣು ಮಡಿವಾಳ ನಾರು ಹೊರಲು ಶುರು ಮಾಡಿತು. ಬಚ್ಚಲಿಗೆ ಹೋಗುವವರೆಲ್ಲ ಹದಿನೈದು ದಿನ ಸದ್ದಿಲ್ಲದೆ ಓಡಾಡಿದರು, ಅತ್ತೆಯವರು ಕೊಡಪಾನದ ಸದ್ದೂ ಆಗದಂತೆ ನೀರು ತೋಡಿದರು. ಕನ್ನಡಿ ಹಿಡಿದು ಒಂದೇ ಸಲ ನೋಡಿದ್ದು: ನೀಲಿಹಸಿರು ಛಾಯೆ, ಕಂದು ಚುಕ್ಕೆಯ ನಾಲ್ಕು ಮೊಟ್ಟೆ. ಮೇ ಕೊನೆಗೆ ಮೂರು ಮರಿ ಹಾರಿಹೋದವು. ಕೊಟ್ಟಿಗೆಯದು ಖಾಲಿಯೇ ಉಳಿಯಿತು. ಒಂದು ಹಿತ್ತಲಿಗೆ ಒಂದೇ ಜೋಡಿ ಎಂಬುದನ್ನು ಆ ಗಂಡು ಮೊದಲೇ ಹೇಳಿತ್ತು.

ಅಕ್ಟೋಬರಿನಲ್ಲಿ ಹಳೆಯ ಗೂಡು ತೆಗೆದು, ಬಿಸಿನೀರಲ್ಲಿ ತೊಳೆದು, ಬಿಸಿಲಿಗಿಡುವುದು ಈಗ ಅವರ ವರ್ಷದ ಕೆಲಸದಲ್ಲಿ ಸೇರಿದೆ. ಮೊದಲ ಸಲ ತೆಗೆದಾಗ ಬೇರು, ಹುಲ್ಲಿನ ನಡುವೆ ಅಕ್ಕ ಬುರುಡೆ ಉಜ್ಜಿ ಎಸೆದ ಕತ್ತದ ಎಳೆಗಳೂ ಇದ್ದವು.

ಹನ್ನೊಂದು ಬೀಜ

ಆ ದೀಪಾವಳಿಯ 11 ಬೀಜದಲ್ಲಿ 7 ಮೊಳೆತವು. ಆ ಚಳಿಗಾಲ ಹಿತ್ತಲಲ್ಲಿ ಬುರುಡೆಸೋರೆ ಹಾಕಲಿಲ್ಲ. ಒಂದು ವರ್ಷ ಬುರುಡೆ, ಒಂದು ವರ್ಷ ಹಾಲುಗುಂಬಳದ ಬೀಜ ಎಂದು ಸರದಿ ಮಾಡಿಕೊಂಡಿದ್ದಾರೆ. ಬುರುಡೆಯ ಬೀಜ ಒಣಗಿದ್ದರೆ ಒಂದೆರಡು ವರ್ಷ ಕಾಯಲಾರದ್ದೇನಲ್ಲ. ಅಕ್ಕಪಕ್ಕದ ಮನೆಯವರು ಏನು ಹಾಕಿದ್ದಾರೋ ಹೇಳಲಾಗದು. ಅದಕ್ಕೆ ಮರುಸಂಜೆ ಅರಳುವ ಗಂಡು ಮೊಗ್ಗು, ಹೆಣ್ಣು ಮೊಗ್ಗು ಎರಡರ ತುದಿಯನ್ನೂ ದಾರದಿಂದ ಕಟ್ಟಿ, ಸಂಜೆ ಬಿಚ್ಚಿ ಪರಾಗ ಮುಟ್ಟಿಸಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿದರು. ಹಾಗೆ ಕಟ್ಟಿದ ಕಾಯಿಗೆ ಗುರುತಿಗೆ ಕೆಂಪು ನೂಲು. ಬೀಜಕ್ಕೆ ಕೆಂಪು ನೂಲಿನದು ಮಾತ್ರ. ಅದರಲ್ಲೂ ಅರ್ಧ ಬಿತ್ತಿ, ಅರ್ಧ ಸಿದ್ದಾಪುರದ ಮಗಳ ಮನೆಗೆ.

ಮುಂದಿನ ಚೌತಿಗೆ ನಾನು ಅವರ ಮನೆಗೆ ಹೋಗಿದ್ದೆ. ಫಲಾವಳಿಯಲ್ಲಿ ಉದ್ದನೆಯ, ಕುತ್ತಿಗೆಯಿಲ್ಲದ ತಿಳಿಹಸಿರು ಕಾಯಿ ತೂಗುತ್ತಿತ್ತು. ಮರುದಿನ ಅಕ್ಕ ಅದನ್ನು ಇಳಿಸಿ ಮೆಟ್ಟುಗತ್ತಿಯ ಮುಂದೆ ಕೂತರು, ತೊಟ್ಟಿನ ಬದಿಯಿಂದ ತೆಳುವಾಗಿ ಒಂದು ಬಿಲ್ಲೆ ಕೊಯ್ದು ಅತ್ತೆಯವರಿಗೆ ಚಾಚಿದರು. ಅತ್ತೆ ಅದರ ಅಂಚನ್ನು ನಾಲಿಗೆಗೆ ಮುಟ್ಟಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬಿಲ್ಲೆಯನ್ನು ಪೂರ್ತಿ ಬಾಯಿಗೆ ಹಾಕಿಕೊಂಡು ಅಗಿಯುತ್ತ, “ದೋಸೆಗೂ ಸ್ವಲ್ಪ ತುರಿದಿಡು” ಎಂದರು.